ಎರಡನೇ ದಿನದಿಂದ ಆರನೇ ದಿನದವರೆಗೆ: ಕಾಮಾಲೆಯಿಂದ ಸೆರೆಬ್ರಲ್ ಪಾಲ್ಸಿಗೆ ತುತ್ತಾದ ಒಂದು ಮಗುವಿನ ಪ್ರಕರಣ

ಈ ಹುಡುಗನನ್ನು ನಾನು ಮೊದಲು ನೋಡಿದಾಗ ಅವನಿಗೆ 11 ತಿಂಗಳು. ಕುತ್ತಿಗೆ ಇನ್ನೂ ನಿಂತಿರಲಿಲ್ಲ. ತಾಯಿಯ ತೊಡೆಯ ಮೇಲೆ ಒರಗಿಸಿ ಕೂರಿಸಿ ಮುಂದೆ ಕೆಂಪು ಗಿಲಕಿ ಹಿಡಿದರೆ ಕಣ್ಣು ಅದರಲ್ಲೇ ನೆಡುತ್ತಿತ್ತು, ಮುಖ ಅರಳುತ್ತಿತ್ತು. ಆದರೆ ಹಿಡಿಯಲೆಂದು ಚಾಚಿದ ಕೈ ಗಿಲಕಿಯತ್ತ ಹೋಗದೆ ಮಣಿಕಟ್ಟಿನಲ್ಲಿ ಹೊರಳಿ, ಬೆರಳುಗಳು ಒಂದೊಂದಾಗಿ ಬಿರಿದು, ತೋಳು ಹಿಂದಕ್ಕೆ ತಿರುಚಿಕೊಳ್ಳುತ್ತಿತ್ತು. ಅದರ ಜೊತೆಗೇ ಬಾಯಿಯೂ ತೆರೆದುಕೊಳ್ಳುತ್ತಿತ್ತು. ನಿದ್ದೆಯಲ್ಲಿ ಮಾತ್ರ ಈ ಹೊರಳಾಟ ಪೂರ್ತಿ ನಿಲ್ಲುತ್ತದೆ ಎಂದು ತಾಯಿ ಹೇಳಿದರು. ಗಿಲಕಿಯನ್ನು ನಿಧಾನವಾಗಿ ಮೇಲಕ್ಕೆತ್ತಿದಾಗ ಕಣ್ಣುಗುಡ್ಡೆಗಳು ಮೇಲೇರಲಿಲ್ಲ, ತಲೆಯನ್ನೇ ಹಿಂದಕ್ಕೆ ಚೆಲ್ಲಿ ನೋಡಲು ಹೆಣಗಿದ. ಬೆನ್ನ ಹಿಂದೆ ಸ್ಟೀಲ್ ತಟ್ಟೆ ಬಡಿದರೂ ತಿರುಗಲಿಲ್ಲ. ಆಗಷ್ಟೇ ಮೂಡಿದ್ದ ಎರಡು ಹಾಲುಹಲ್ಲುಗಳ ಅಂಚು ಹೊಳಪಿಲ್ಲದೆ ಕಂದಾಗಿತ್ತು. ಕೈಕಾಲುಗಳ ಹೊರಳಾಟ, ಮೇಲೇರದ ನೋಟ, ಕೇಳದ ಕಿವಿ, ಹಾಳಾದ ಹಲ್ಲಿನ ಎನಾಮೆಲ್, ಈ ನಾಲ್ಕೂ ಒಂದೇ ಮಗುವಿನಲ್ಲಿ ಸೇರಿದ್ದರೆ ಮೊದಲು ಕೇಳಬೇಕಾದ ಪ್ರಶ್ನೆ ಹುಟ್ಟಿದ ಮೊದಲ ವಾರದ ಕಾಮಾಲೆಯ ಬಗ್ಗೆ.

ಆದರೆ ಎಳೆಯ ಮೆದುಳಿಗೆ ಆದ ಹಾನಿಯಿಂದ ಮೈಯ ಚಲನೆ ಹಿಡಿತ ತಪ್ಪುವ ಈ ಸೆರೆಬ್ರಲ್ ಪಾಲ್ಸಿಗೆ ಆ ಮನೆಯವರಿಗೆ ಅದುವರೆಗೆ ಸಿಕ್ಕಿದ್ದ ವಿವರಣೆಗಳೇ ಬೇರೆ. ಹುಟ್ಟುವಾಗ ಉಸಿರುಕಟ್ಟಿ ಮೆದುಳಿಗೆ ಪೆಟ್ಟಾಗಿದೆ ಎಂದು ಒಬ್ಬರು ಹೇಳಿದ್ದರು. ಏಳು ತಿಂಗಳ ಗರ್ಭಿಣಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ಅಂಗಳಕ್ಕೆ ಬಂದದ್ದರ ಫಲ ಎಂದು ಅತ್ತೆಯ ಕಡೆಯವರ ನಂಬಿಕೆ. ಸೋದರಸಂಬಂಧದಲ್ಲಿ ಮದುವೆ ಮಾಡಿದ್ದೇ ತಪ್ಪಾಯಿತು ಎಂದು ತವರಿನವರ ಕೊರಗು. ಮೂರನ್ನೂ ಕೇಳಿಸಿಕೊಂಡು ಒಳಗೇ ಬೇಯುತ್ತಿದ್ದವರು ಆ ತಾಯಿ. ಮೂರೂ ನಿಜವಲ್ಲ ಎಂಬುದನ್ನು ಕಾಗದಪತ್ರಗಳ ಆಧಾರದಿಂದ ಅವರಿಗೆ ತೋರಿಸುವುದು ಚಿಕಿತ್ಸೆಯಷ್ಟೇ ಮುಖ್ಯ ಎಂದು ನನಗೆ ಅನ್ನಿಸಿತು. ಹೀಗಾಗಿ ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟಿದ್ದ ತಾಯಿ ಕಾರ್ಡ್, ಡಿಸ್ಚಾರ್ಜ್ ಚೀಟಿ, ಲ್ಯಾಬ್ ವರದಿಗಳನ್ನು ದಿನವಾರು ಹೊಂದಿಸಿ, ಅಜ್ಜಿಯನ್ನೂ ಕರೆಸಿ ಕೇಳಿ, ಆ ಮೊದಲ ಆರು ದಿನಗಳನ್ನು ಮತ್ತೆ ಕಟ್ಟಿಕೊಂಡೆ. ಊರು, ಆಸ್ಪತ್ರೆ, ಮನೆಯವರ ಗುರುತನ್ನು ಇಲ್ಲಿ ಕೊಟ್ಟಿಲ್ಲ.

ಹೆರಿಗೆ ಆದದ್ದು ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದ ಸಣ್ಣ ನರ್ಸಿಂಗ್ ಹೋಮಿನಲ್ಲಿ, 38 ವಾರ ತುಂಬಿದ ಮೇಲೆ, ಸಹಜವಾಗಿ. ಮಗುವಿನ ತೂಕ 2.9 ಕೆಜಿ. ಹುಟ್ಟಿದ ಕೂಡಲೇ ಅತ್ತಿದೆ, ಅರ್ಧ ಗಂಟೆಯೊಳಗೆ ಎದೆಹಾಲು ಕುಡಿದಿದೆ. ತಾಯಿಯ ರಕ್ತದ ಗುಂಪು ಓ ಪಾಸಿಟಿವ್, ಮಗುವಿನದೂ ಅದೇ. ಅಂದರೆ ಆರ್‌ಎಚ್ ಹೊಂದಾಣಿಕೆ ಇಲ್ಲದ್ದರಿಂದಾಗಲೀ ಎಬಿಓ ವ್ಯತ್ಯಾಸದಿಂದಾಗಲೀ ರಕ್ತ ಒಡೆದು ಕಾಮಾಲೆ ಏರುವ ಸಾಧ್ಯತೆ ಇರಲಿಲ್ಲ. ಉಸಿರುಕಟ್ಟಿದ ಮಗುವಿನ ಯಾವ ಲಕ್ಷಣವೂ ಎಲ್ಲಿಯೂ ದಾಖಲಾಗಿಲ್ಲ. ಸುಮಾರು 40 ಗಂಟೆಯ ಹೊತ್ತಿಗೆ ತಾಯಿ ಮಗುವನ್ನು ಮನೆಗೆ ಕಳಿಸಿದ್ದಾರೆ. ಚೀಟಿಯಲ್ಲಿ ಮಗುವಿನ ಮೈಬಣ್ಣದ ಮಾತಿಲ್ಲ, ಕಾಮಾಲೆಯ ಹಳದಿ ಬಣ್ಣ ತರುವ ಬಿಲಿರುಬಿನ್ ಎಂಬ ವಸ್ತುವಿನ ಅಳತೆ ಇಲ್ಲ, ಮುಂದಿನ ಭೇಟಿ ಎಂಬಲ್ಲಿ ಒಂದೂವರೆ ತಿಂಗಳ ಲಸಿಕೆಯ ದಿನಾಂಕ ಬರೆದಿದೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ತಿಂಗಳು ತುಂಬಿ ಹುಟ್ಟಿದ ಮಕ್ಕಳಲ್ಲಿ ನೂರಕ್ಕೆ ಸುಮಾರು 60ರಲ್ಲಿ, ಅವಧಿಗೆ ಮುನ್ನ ಹುಟ್ಟಿದವರಲ್ಲಿ ಸುಮಾರು 80ರಲ್ಲಿ ಕಣ್ಣಿಗೆ ಕಾಣುವಷ್ಟು ಕಾಮಾಲೆ ಬರುತ್ತದೆ. ಹೆಚ್ಚಿನದು ತಾನಾಗಿಯೇ ಇಳಿಯುತ್ತದೆ. ಆದರೆ ತುಂಬಿದ ಮಗುವಿನ ರಕ್ತದಲ್ಲಿ ಬಿಲಿರುಬಿನ್ ಏರಿ ತುದಿ ಮುಟ್ಟುವುದು ಮೂರರಿಂದ ಐದನೇ ದಿನದ ನಡುವೆ. ಎರಡನೇ ದಿನ ಮನೆಗೆ ಹೋದ ಮಗು ಆ ಏರಿಕೆಯ ಕಾಲವನ್ನೆಲ್ಲ ಮನೆಯಲ್ಲೇ ಕಳೆಯುತ್ತದೆ. ಆಸ್ಪತ್ರೆಯಲ್ಲಿ ಮಗು ಚೆನ್ನಾಗಿತ್ತು ಎಂಬ ಮಾತು ಪೂರ್ತಿ ನಿಜವಾಗಿದ್ದರೂ ನಾಲ್ಕನೇ ದಿನದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಈ ನಡುವಿನ ದಿನಗಳಿಗೆಂದೇ ನಮ್ಮಲ್ಲಿ ಒಂದು ವ್ಯವಸ್ಥೆ ಇದೆ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಹೋಗಿ ತೂಕ, ಜ್ವರ, ಹಾಲು ಕುಡಿಯುವ ರೀತಿ, ಮೈಬಣ್ಣ ನೋಡಬೇಕು. ಈ ಮಗುವಿನ ಮನೆಗೆ ಮೂರನೇ ದಿನ ಯಾರೂ ಬರಲಿಲ್ಲ, ಮತ್ತು ಅದಕ್ಕೆ ಯಾವ ಆಶಾ ಕಾರ್ಯಕರ್ತೆಯ ಅಸಡ್ಡೆಯೂ ಕಾರಣವಲ್ಲ. ತಾಯಿ ಕಾರ್ಡ್ ಆದದ್ದು ಗಂಡನ ಊರಿನ ಉಪಕೇಂದ್ರದಲ್ಲಿ. ಚೊಚ್ಚಲ ಹೆರಿಗೆಯಾದ್ದರಿಂದ ಬಾಣಂತನ ತವರಿನಲ್ಲಿ, ಬೇರೆ ತಾಲ್ಲೂಕಿನಲ್ಲಿ. ಗಂಡನ ಊರಿನ ಆಶಾ ತನ್ನ ಪಟ್ಟಿಯಲ್ಲಿದ್ದ ಬಾಣಂತಿ ಊರಲ್ಲಿಲ್ಲವೆಂದು ಬರೆದುಕೊಂಡರು, ತವರೂರಿನ ಆಶಾಳ ಪಟ್ಟಿಯಲ್ಲಿ ಆ ಹೆಸರೇ ಇರಲಿಲ್ಲ. ಮಗಳನ್ನು ಚೊಚ್ಚಲು ಹೆರಿಗೆಗೆ ತವರಿಗೆ ಕರೆತರುವುದು ನಮ್ಮಲ್ಲಿ ಮನೆಮನೆಯ ಪದ್ಧತಿ, ಮಮತೆಯ ಪದ್ಧತಿ; ಅದನ್ನು ಬಿಡಿ ಎಂದು ನಾನು ಹೇಳಲಾರೆ. ಆದರೆ ಬಾಣಂತಿ ಊರು ಬದಲಿಸಿದಾಗ ಅವಳ ಹೆಸರೂ ಜೊತೆಯಲ್ಲಿ ಹೋಗುವಂತೆ ಮಾಡುವುದು ಒಂದು ಫೋನ್ ಕರೆಯ ಕೆಲಸ, ಮತ್ತು ಈ ಪ್ರಕರಣದಲ್ಲಿ ಆ ಕರೆಯನ್ನು ಮಾಡಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಬಾಣಂತಿಯ ಕೋಣೆ ಮನೆಯ ಹಿಂಭಾಗದಲ್ಲಿ, ಒಂದೇ ಕಿಟಕಿಯದು. ಗಾಳಿ ಸೋಕಬಾರದೆಂದು ಅದನ್ನೂ ಗೋಣಿಚೀಲದಿಂದ ಮುಚ್ಚಿದ್ದರು. ಮಗುವಿಗೆ ಎಣ್ಣೆ ಹಚ್ಚಿ, ಬಿಸಿನೀರು ಎರೆದು, ಕಡಲೆಹಿಟ್ಟಿಗೆ ಅರಿಶಿನ ಬೆರೆಸಿ ಮೈ ತೊಳೆಯುತ್ತಿದ್ದರು. ಹಳದಿ ಚರ್ಮವನ್ನು ಮಬ್ಬು ಬೆಳಕಿನಲ್ಲಿ ಅರಿಶಿನದ ನಡುವೆ ಗುರುತಿಸುವುದು ಅನುಭವಿ ನರ್ಸಿಗೂ ಕಷ್ಟ. ಅಜ್ಜಿಗೆ ಕಾಣಲಿಲ್ಲ ಎಂದರೆ ಅವರ ತಪ್ಪು ಅಂತ ಹೇಗೆ ಹೇಳುವುದು? ಮೂರನೇ ದಿನ ಮಳೆ ಹಿಡಿದು ಥಂಡಿ ಏರಿದಾಗ ಅಜ್ಜಿ ಅಟ್ಟದ ಮೇಲಿನ ಟ್ರಂಕ್ ಇಳಿಸಿ, ತಮ್ಮ ಅತ್ತೆ ಹೊಲಿದಿದ್ದ ಕೌದಿ, ಹಳೆಯ ಮೆತ್ತನೆಯ ಪಂಚೆ, ಕುಲಾವಿಗಳನ್ನು ತೆಗೆದು ಮಗುವಿಗೆ ಹೊದಿಸಿದರು. ಒಗೆಯಲಿಲ್ಲ, ಬಿಸಿಲಿಗೂ ಹಾಕಲಿಲ್ಲ, ಮಳೆಯಲ್ಲಿ ಒಣಗುವುದಾದರೂ ಹೇಗೆ. “ಟ್ರಂಕ್ ತೆಗದ್ರೆ ಘಮ್ ಅಂತಿತ್ರಿ ಡಾಕ್ಟ್ರೇ, ನುಸಿಗುಳಿಗೆ ವಾಸನಿ,” ಎಂದು ಅಜ್ಜಿ ನನ್ನೆದುರು ನೆನಪಿಸಿಕೊಂಡಾಗ, ಅವರ ಮಟ್ಟಿಗೆ ಅದು ಬಟ್ಟೆಯನ್ನು ಎಷ್ಟು ಜೋಪಾನವಾಗಿ ಇಟ್ಟಿದ್ದೆ ಎಂಬುದರ ಮಾತು. ನನಗೆ ಪ್ರಕರಣದ ಗಂಟು ಬಿಚ್ಚಿದ್ದು ಅದೇ ವಾಕ್ಯದಿಂದ.

ನಾಲ್ಕನೇ ದಿನ ಮಗು ಹಾಲು ಕುಡಿಯುವುದು ಕಡಿಮೆಯಾಯಿತು. ಎಬ್ಬಿಸಿದರೆ ಎರಡು ಸಲ ಚೀಪಿ ಮತ್ತೆ ನಿದ್ದೆ. ಅಳದ ಮಗುವನ್ನು ಕಂಡು ಮನೆಯವರು ಒಳ್ಳೆಯ ಕೂಸು ಎಂದುಕೊಂಡರು. ಉಚ್ಚೆ ಬಟ್ಟೆಯ ಮೇಲೆ ಹಳದಿ ಕಲೆ ಉಳಿಯುತ್ತಿತ್ತು. ಐದನೇ ದಿನ ನೋಡಲು ಬಂದ ಪಕ್ಕದ ಮನೆಯವರೊಬ್ಬರು ಕಣ್ಣಿನ ಬಿಳಿಭಾಗ ನೋಡಿ ಕಾಮಾಲೆ ಎಂದರು, ಎಳೆಬಿಸಿಲಿಗೆ ಹಿಡಿಯಿರಿ ಎಂದರು. ಬಿಸಿಲಿರಲಿಲ್ಲ. ಕಾಮಾಲೆಗೆ ಸೊಪ್ಪಿನ ರಸ ಕೊಡುವ ನಾಟಿ ವೈದ್ಯರ ಬಳಿಗೂ ಹೋಗಿ ಬಂದರು. ಆರನೇ ದಿನ ಬೆಳಗಿನ ಜಾವ ಮಗು ಎಂದೂ ಕೇಳದ ಕೀರಲು ದನಿಯಲ್ಲಿ ಅಳಲಾರಂಭಿಸಿತು, ಮೈ ಸುಡುತ್ತಿತ್ತು, ತಲೆ ಹಿಂದಕ್ಕೆ ಬಾಗಿ ಬೆನ್ನು ಬಿಲ್ಲಿನಂತೆ ಸೆಟೆದಿತ್ತು. ಬಾಲಗ್ರಹವೆಂದು ಮೊದಲು ನಿಂಬೆಹಣ್ಣು ಇಳಿತೆಗೆದದ್ದರಲ್ಲಿ ಮತ್ತೆರಡು ಗಂಟೆ ಹೋಯಿತು.

ತಾಲ್ಲೂಕು ಆಸ್ಪತ್ರೆಯಲ್ಲಿ ಬಿಲಿರುಬಿನ್ ಡೆಸಿಲೀಟರಿಗೆ 34 ಮಿಲಿಗ್ರಾಂ. ಹಿಮೋಗ್ಲೋಬಿನ್ 11ಕ್ಕೆ ಇಳಿದಿತ್ತು. ತುಂಬು ನವಜಾತ ಶಿಶುವಿನಲ್ಲಿ ಅದು ಸಾಮಾನ್ಯವಾಗಿ 14ಕ್ಕೂ ಮೇಲಿರುತ್ತದೆ. ಆಂಬ್ಯುಲೆನ್ಸಿನಲ್ಲಿ ಜಿಲ್ಲಾಸ್ಪತ್ರೆಯ ವಿಶೇಷ ನವಜಾತ ಶಿಶು ಆರೈಕೆ ಘಟಕಕ್ಕೆ ಕಳಿಸಿದರು, ಅಲ್ಲಿ ತಡಮಾಡದೆ ನೀಲಿ ಬೆಳಕಿನ ಕೆಳಗೆ ಮಲಗಿಸಿದರು, ಮಗುವಿನ ರಕ್ತವನ್ನು ಸ್ವಲ್ಪ ಸ್ವಲ್ಪವಾಗಿ ತೆಗೆದು ಬೇರೆ ರಕ್ತ ತುಂಬುವ ಎಕ್ಸ್‌ಚೇಂಜ್ ಟ್ರಾನ್ಸ್‌ಫ್ಯೂಷನ್‌ಗೆ ರಕ್ತ ಹೊಂದಿಸಿಕೊಂಡರು. ಆ ರಾತ್ರಿಯ ವೈದ್ಯರು, ಸಿಬ್ಬಂದಿ ಮಾಡಬೇಕಾದ್ದನ್ನೆಲ್ಲ ಮಾಡಿದ್ದಾರೆ. ಮಗು ಬದುಕಿದ್ದು ಅವರಿಂದ. ಆದರೆ ಬೆನ್ನು ಬಿಲ್ಲಾಗುವ ಹೊತ್ತಿಗೆ ಮೆದುಳಿಗೆ ಆಗಬೇಕಾದ ಹಾನಿಯ ಬಹುಪಾಲು ಆಗಿಹೋಗಿರುತ್ತದೆ.

ಆದದ್ದು ಹೀಗೆ. ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಬಿಲಿರುಬಿನ್ ಎಂಬ ಹಳದಿ ವಸ್ತು ಹುಟ್ಟುತ್ತದೆ. ದೊಡ್ಡವರ ಯಕೃತ್ತು ಅದನ್ನು ನೀರಿನಲ್ಲಿ ಕರಗುವ ರೂಪಕ್ಕೆ ತಿರುಗಿಸಿ ಪಿತ್ತದ ಮೂಲಕ ಹೊರಹಾಕುತ್ತದೆ. ಆಗಷ್ಟೇ ಹುಟ್ಟಿದ ಮಗುವಿನ ಯಕೃತ್ತಿಗೆ ಆ ಕೆಲಸದ ಕಿಣ್ವ ಇನ್ನೂ ಸಾಲದು. ಬಂದಷ್ಟು ಬಿಲಿರುಬಿನ್ ರಕ್ತದ ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡಿರುವವರೆಗೆ ಅಪಾಯ ಕಡಿಮೆ. ಆಲ್ಬುಮಿನ್ ಹೊರಲಾರದಷ್ಟು ಹೆಚ್ಚಾದರೆ ಉಳಿದದ್ದು ಬಿಡಿಯಾಗಿ ಮೆದುಳಿಗೆ ದಾಟುತ್ತದೆ. ಅಲ್ಲಿ ಅದು ಎಲ್ಲೆಡೆ ಸಮನಾಗಿ ಹರಡದೆ ಕೆಲವೇ ನರಕೇಂದ್ರಗಳನ್ನು ಆರಿಸಿ ಕೆಡಿಸುತ್ತದೆ: ಚಲನೆಯನ್ನು ಹದದಲ್ಲಿಡುವ ಗ್ಲೋಬಸ್ ಪ್ಯಾಲಿಡಸ್, ಕಣ್ಣಿನ ಚಲನೆಯ ಕೇಂದ್ರಗಳು, ಕಿವಿಯ ನರ ಬಂದು ಸೇರುವ ಮೆದುಳಕಾಂಡದ ಭಾಗ. ಶವಪರೀಕ್ಷೆಯಲ್ಲಿ ಹೀಗೆ ಹಳದಿಯಾದ ಕೇಂದ್ರಗಳನ್ನು 1875ರಲ್ಲಿ ಜರ್ಮನಿಯ ಯೊಹಾನೆಸ್ ಓರ್ತ್ ವಿವರಿಸಿದರು, 1904ರಲ್ಲಿ ಷ್ಮೋರ್ಲ್ ಅದಕ್ಕೆ ಕೆರ್ನಿಕ್ಟೆರಸ್ ಎಂಬ ಹೆಸರು ಕೊಟ್ಟರು. ನಮ್ಮ ಹುಡುಗನ ಎಂಆರ್‌ಐ ಚಿತ್ರದಲ್ಲಿ ಎರಡೂ ಬದಿಯ ಗ್ಲೋಬಸ್ ಪ್ಯಾಲಿಡಸ್ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ಉಸಿರುಕಟ್ಟಿದ ತುಂಬು ಮಗುವಿನಲ್ಲಿ ಸಾಮಾನ್ಯವಾಗಿ ಪೆಟ್ಟು ಬೀಳುವುದು ಥಲಾಮಸ್ ಮತ್ತು ಪುಟಾಮೆನ್ ಭಾಗಗಳಿಗೆ. ಅವು ಇವನಲ್ಲಿ ಸ್ವಚ್ಛವಾಗಿದ್ದವು. ಆ ಚಿತ್ರವನ್ನು ತಾಯಿಗೆ ಬೆಳಕಿಗೆ ಹಿಡಿದು ತೋರಿಸಿದೆ.

ಇನ್ನು ನುಸಿಗುಳಿಗೆಯ ವಿಷಯ. ಕೆಂಪು ರಕ್ತಕಣವನ್ನು ಆಕ್ಸಿಡೀಕರಣದಿಂದ ಕಾಯುವ ಜಿ6ಪಿಡಿ ಎಂಬ ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ಕಡಿಮೆ ಇರುತ್ತದೆ. ಜಗತ್ತಿನಲ್ಲಿ ಸುಮಾರು 40 ಕೋಟಿ ಜನರಲ್ಲಿ ಈ ಕೊರತೆ ಇದೆ, ಭಾರತದಲ್ಲೂ ಇದು ಅಪರೂಪವಲ್ಲ. ಇದ್ದವರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ, ಮಲೇರಿಯಾದ ಪ್ರೈಮಾಕ್ವಿನ್ ಮಾತ್ರೆಯಂಥದ್ದು ಅಥವಾ ನ್ಯಾಫ್ತಲೀನ್ ಮೈಸೇರುವ ತನಕ. ನ್ಯಾಫ್ತಲೀನಿನಿಂದ ಮಾಡಿದ ನುಸಿಗುಳಿಗೆಯ ಆವಿ ಉಸಿರಿನ ಮೂಲಕವೂ ಚರ್ಮದ ಮೂಲಕವೂ ಒಳಹೋಗುತ್ತದೆ. ಅದು ಜಿಡ್ಡಿನಲ್ಲಿ ಕರಗುವ ವಸ್ತುವಾದ್ದರಿಂದ ಎಣ್ಣೆ ಹಚ್ಚಿದ ಮೈಗೆ ಇನ್ನೂ ಸಲೀಸು. ನುಸಿಗುಳಿಗೆ ಹಾಕಿಟ್ಟ ಬಟ್ಟೆ ಹೊದಿಸಿದ ನವಜಾತ ಶಿಶುಗಳಲ್ಲಿ ರಕ್ತ ಒಡೆದು ತೀವ್ರ ಕಾಮಾಲೆ ಬಂದದ್ದನ್ನು ಗ್ರೀಸ್ ದೇಶದ ವೈದ್ಯರು 1963ರಲ್ಲೇ ವರದಿ ಮಾಡಿದ್ದರು. ಈ ಹುಡುಗನ ಜಿ6ಪಿಡಿ ಪರೀಕ್ಷೆಯನ್ನು ಆಸ್ಪತ್ರೆಯಲ್ಲಿದ್ದಾಗಲೇ ಮಾಡಿದ್ದರು, ಸರಿಯಾಗಿದೆ ಎಂದು ಬಂದಿತ್ತು. ರಕ್ತ ಒಡೆಯುತ್ತಿರುವಾಗ ಕೊರತೆಯ ಹಳೆಯ ಕಣಗಳು ಮೊದಲು ನಾಶವಾಗಿ, ಕಿಣ್ವ ಹೆಚ್ಚಿರುವ ಎಳೆಯ ಕಣಗಳು ಉಳಿಯುವುದರಿಂದ ಆ ಹೊತ್ತಿನ ಫಲಿತಾಂಶ ದಾರಿ ತಪ್ಪಿಸುತ್ತದೆ, ಬೇರೆಯವರ ರಕ್ತ ಹೋದ ಮೇಲಂತೂ ಕೇಳುವುದೇ ಬೇಡ. 11ನೇ ತಿಂಗಳಲ್ಲಿ ಮತ್ತೆ ಮಾಡಿಸಿದಾಗ ತೀವ್ರ ಕೊರತೆ ಕಂಡಿತು.

ಈ ಕೊರತೆಯ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿದ್ದು, ಗಂಡುಮಗುವಿಗೆ ಬರುವುದು ತಾಯಿಯಿಂದಲೇ. ಇದನ್ನು ಹೇಳುವಾಗ ನಾನು ಬಹಳ ಎಚ್ಚರ ವಹಿಸಿದೆ, ಏಕೆಂದರೆ ಗ್ರಹಣದ ಆರೋಪ ಹೋಗಿ ಜೀನಿನ ಆರೋಪ ಬಂದರೆ ಆ ಹೆಣ್ಣುಮಗಳಿಗೆ ಏನೂ ಉಪಕಾರವಾದಂತಲ್ಲ. ಜೀನ್ ಇದ್ದ ಮಾತ್ರಕ್ಕೆ ಮೆದುಳು ಕೆಡುವುದಿಲ್ಲ. ಬಿಲಿರುಬಿನ್ ಏರಿದ್ದನ್ನು ಯಾರೂ ಅಳೆಯದೆ ಬಿಟ್ಟರೆ ಕೆಡುತ್ತದೆ. ಸೋದರಸಂಬಂಧದ ಮದುವೆಗೂ ಗಂಡುಮಗುವಿನಲ್ಲಿ ಬಂದ ಈ ಕೊರತೆಗೂ ಸಂಬಂಧವಿಲ್ಲ ಎಂಬುದನ್ನು ಇಬ್ಬರ ಮನೆಯವರನ್ನೂ ಕೂರಿಸಿ ಹೇಳಿದೆ.

ಕಿವಿಯ ವಿಷಯದಲ್ಲಿ ಇನ್ನೊಂದು ತಪ್ಪುದಾರಿ ನಡೆದಿತ್ತು, ಮತ್ತು ಇದು ಬೇರೆಡೆಯೂ ನಡೆಯುತ್ತಿರಬಹುದಾದ್ದರಿಂದ ಒತ್ತಿ ಹೇಳುತ್ತೇನೆ. ಮೂರು ತಿಂಗಳಲ್ಲಿ ಮಾಡಿದ ಓಎಇ ತಪಾಸಣೆಯಲ್ಲಿ ಮಗು ಪಾಸಾಗಿತ್ತು. ಆ ಪರೀಕ್ಷೆ ನೋಡುವುದು ಒಳಕಿವಿಯ ರೋಮಕೋಶಗಳನ್ನು. ಬಿಲಿರುಬಿನ್ ಕೆಡಿಸುವುದು ಅದರಾಚೆಯ ನರಮಾರ್ಗವನ್ನು. ಹೀಗಾಗಿ ತೀವ್ರ ಕಾಮಾಲೆಯಾಗಿದ್ದ ಮಗುವಿಗೆ ಬೇಕಾದದ್ದು ಮೆದುಳಕಾಂಡದ ಪ್ರತಿಕ್ರಿಯೆ ಅಳೆಯುವ ಬೇರಾ (BERA) ಪರೀಕ್ಷೆ. ಅದು ಆದದ್ದು ವರ್ಷ ತುಂಬುವ ಹೊತ್ತಿಗೆ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ. ಎರಡೂ ಕಿವಿಯಲ್ಲಿ ಅಲೆಗಳೇ ಇರಲಿಲ್ಲ. ಪಾಸ್ ಎಂದು ಬರೆದ ಒಂದು ಚೀಟಿ ಭಾಷೆ ಚಿಗುರುವ ಎಂಟೊಂಬತ್ತು ತಿಂಗಳನ್ನು ತಿಂದಿತ್ತು.

ಹಾಗಾದರೆ ಎಲ್ಲಿ ತಡೆಯಬಹುದಿತ್ತು? ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಸುಲಭದ ಜಾಗ ಡಿಸ್ಚಾರ್ಜ್ ಬಾಗಿಲು. ಮನೆಗೆ ಕಳಿಸುವ ಮುನ್ನ ಒಂದು ಬಾರಿ ಬಿಲಿರುಬಿನ್ ಅಳೆದು, ಅದನ್ನು ಮಗುವಿನ ವಯಸ್ಸಿನ ಗಂಟೆಗಳಿಗೆ ಹೊಂದಿಸಿ ನೋಡಿದರೆ, ಯಾವ ಮಗು ನಾಳೆಯೇ ಮರಳಿ ಬರಬೇಕು, ಯಾವುದು ಮೂರು ದಿನ ಬಿಟ್ಟು ಬರಬಹುದು ಎಂದು ನಿರ್ಧರಿಸಬಹುದು. ಹಣೆಗೆ ಒತ್ತಿ ನೋಡುವ ಸಾಧನವಿದ್ದರೆ ಸೂಜಿಯೂ ಬೇಡ. ಸಾಧನವಿಲ್ಲದ ಕಡೆ ಹಗಲ ಬೆಳಕಿನಲ್ಲಿ ಬೆರಳಿನಿಂದ ಚರ್ಮ ಒತ್ತಿ ಬಿಟ್ಟು ಬಣ್ಣ ನೋಡಬೇಕು: ಕಾಮಾಲೆ ಮುಖದಿಂದ ಎದೆಗೆ, ಹೊಟ್ಟೆಗೆ, ಕೊನೆಗೆ ಅಂಗೈ ಅಂಗಾಲಿಗೆ ಇಳಿಯುತ್ತದೆ, ಅಂಗಾಲು ಹಳದಿಯಾದರೆ ರಾತ್ರಿಯೆನ್ನದೆ ಹೊರಡಬೇಕು. ಆದರೆ ನಮ್ಮ ಮೈಬಣ್ಣದ ಮಕ್ಕಳಲ್ಲಿ ಕಣ್ಣು ಕಾಮಾಲೆ ಇದೆ ಎಂದು ಹೇಳೀತೇ ಹೊರತು ಎಷ್ಟಿದೆ ಎಂದು ಹೇಳಲಾರದು. ಅದಕ್ಕೆ ರಕ್ತಪರೀಕ್ಷೆಯೇ ಬೇಕು. ಹುಟ್ಟಿದ 24 ಗಂಟೆಯೊಳಗೆ ಕಂಡ ಕಾಮಾಲೆಯನ್ನಂತೂ ಎಂದಿಗೂ ಸಹಜವೆಂದು ಬಿಡಬಾರದು. ತಾಯಿ ಆರ್‌ಎಚ್ ನೆಗೆಟಿವ್ ಆಗಿ ಮಗು ಪಾಸಿಟಿವ್ ಆಗಿದ್ದರೆ ಹೆರಿಗೆಯ 72 ಗಂಟೆಯೊಳಗೆ ತಾಯಿಗೆ ಆಂಟಿ-ಡಿ ಚುಚ್ಚುಮದ್ದು ಮುಂದಿನ ಮಗುವನ್ನು ಕಾಯುತ್ತದೆ. ಹೆರಿಗೆಯ ನಂತರ ಎರಡು ದಿನ ತುಂಬುವವರೆಗಾದರೂ ಆಸ್ಪತ್ರೆಯಲ್ಲಿ ಉಳಿಯುವುದು, ನಾಲ್ಕು ಅಥವಾ ಐದನೇ ದಿನ ಒಮ್ಮೆ ತೋರಿಸುವುದು ಎಲ್ಲ ಮಕ್ಕಳಿಗೂ ಅನ್ವಯಿಸುವ ಮಾತು. ಸರ್ಕಾರಿ ಆಸ್ಪತ್ರೆಯಲ್ಲಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ನವಜಾತ ಶಿಶುವಿನ ಚಿಕಿತ್ಸೆ, ರಕ್ತ, ವಾಹನ ಎಲ್ಲವೂ ಉಚಿತವಿದೆ.

ಎಳೆಬಿಸಿಲಿನ ಸಲಹೆಯನ್ನು ಮೂಢನಂಬಿಕೆ ಎಂದು ನಾನು ತಳ್ಳಿಹಾಕುವುದಿಲ್ಲ. ಬೆಳಕಿನ ಚಿಕಿತ್ಸೆ ಹುಟ್ಟಿದ್ದೇ ಬಿಸಿಲಿನಿಂದ. 1956ರಲ್ಲಿ ಇಂಗ್ಲೆಂಡಿನ ಎಸೆಕ್ಸ್‌ನ ರಾಚ್‌ಫೋರ್ಡ್ ಆಸ್ಪತ್ರೆಯಲ್ಲಿ ಸಿಸ್ಟರ್ ವಾರ್ಡ್ ಎಂಬ ನರ್ಸ್, ಅಂಗಳದ ಬಿಸಿಲಿಗೆ ಕರೆದೊಯ್ದ ಮಗುವಿನ ಮೈಯಲ್ಲಿ ಬಟ್ಟೆ ಮುಚ್ಚಿದ್ದ ಕಡೆ ಮಾತ್ರ ಹಳದಿ ಉಳಿದು ತೆರೆದ ಕಡೆ ಮಾಸಿದ್ದನ್ನು ವೈದ್ಯರಿಗೆ ತೋರಿಸಿದರು. ಕಿಟಕಿಯ ಬಳಿ ಮರೆತುಹೋದ ರಕ್ತದ ಕೊಳವೆಯಲ್ಲೂ ಬಿಲಿರುಬಿನ್ ಇಳಿದಿತ್ತು. 1958ರಲ್ಲಿ ಕ್ರೆಮರ್ ಮತ್ತು ಜೊತೆಗಾರರು ದೀಪದ ಬೆಳಕಿನ ಚಿಕಿತ್ಸೆಯನ್ನು ಪ್ರಕಟಿಸಿದರು. ಕೆಲಸ ಮಾಡುವುದು ಮುಖ್ಯವಾಗಿ ನೀಲಿ ಬೆಳಕು. ಅದು ಚರ್ಮದಲ್ಲಿನ ಬಿಲಿರುಬಿನ್‌ನ ಆಕಾರ ಬದಲಿಸಿ, ಯಕೃತ್ತಿನ ನೆರವಿಲ್ಲದೆ ಹೊರಹೋಗುವಂತೆ ಮಾಡುತ್ತದೆ. ನೈಜೀರಿಯಾದ ಲಾಗೋಸ್‌ನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನ, ಅತಿನೇರಳೆ ಕಿರಣ ಮತ್ತು ಶಾಖವನ್ನು ತಡೆಯುವ ಹಾಳೆಯ ಚಪ್ಪರದಡಿ ಗಂಟೆಗಟ್ಟಲೆ ಮಗುವನ್ನಿಟ್ಟು, ತಾಪ ನೋಡುತ್ತ, ಬಿಲಿರುಬಿನ್ ಅಳೆಯುತ್ತ ಹೋದರೆ ಬಿಸಿಲೂ ದೀಪದಷ್ಟೇ ಕೆಲಸ ಮಾಡುತ್ತದೆಂದು ತೋರಿಸಿದೆ. ಬಟ್ಟೆ ಸುತ್ತಿದ ಮಗುವನ್ನು ಹತ್ತು ನಿಮಿಷ ಜಗಲಿಯಲ್ಲಿ ಹಿಡಿಯುವುದು ಅದಲ್ಲ. ಅಪಾಯವಿರುವುದು ಬಿಸಿಲಿನಲ್ಲಿ ಅಲ್ಲ, ನಾಳೆ ಬಿಸಿಲು ಬರಲಿ ನೋಡೋಣ ಎಂದು ಕಾಯುವುದರಲ್ಲಿ.

ಎಲ್ಲ ಸೆರೆಬ್ರಲ್ ಪಾಲ್ಸಿಗೂ ಕಾಮಾಲೆ ಕಾರಣವಲ್ಲ. ಅವಧಿಗೆ ಮುನ್ನ ಹುಟ್ಟುವುದು, ಗರ್ಭದಲ್ಲಿನ ಸೋಂಕು, ಮೆದುಳಿನ ರಚನೆಯ ದೋಷ, ರಕ್ತನಾಳದ ಅಡಚಣೆ, ಉಸಿರುಗಟ್ಟುವಿಕೆ, ಮೊದಲ ದಿನಗಳಲ್ಲಿ ಹಾಲು ಸಿಗದೆ ರಕ್ತದ ಸಕ್ಕರೆ ಕುಸಿಯುವುದು, ಹೀಗೆ ದಾರಿಗಳು ಹಲವು. 32 ವಾರಕ್ಕೆ ಮುನ್ನ ಹೆರಿಗೆ ಅನಿವಾರ್ಯವಾದಾಗ ತಾಯಿಗೆ ಕೊಡುವ ಮೆಗ್ನೀಷಿಯಂ ಸಲ್ಫೇಟ್ ಮಗುವಿನ ಅಪಾಯವನ್ನು ಸುಮಾರು ಮೂರನೇ ಒಂದು ಭಾಗದಷ್ಟು ತಗ್ಗಿಸುತ್ತದೆ. ಉಸಿರುಗಟ್ಟಿದ ಮಗುವಿನ ಮೈ ತಂಪಾಗಿಡುವ ಚಿಕಿತ್ಸೆ ಶ್ರೀಮಂತ ದೇಶಗಳಲ್ಲಿ ಫಲ ಕೊಟ್ಟಿದ್ದರೂ, ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಹೀಲಿಕ್ಸ್ ಅಧ್ಯಯನದಲ್ಲಿ ಸಾವು ಹೆಚ್ಚಿತು. ಬಹಳಷ್ಟು ಮಕ್ಕಳಲ್ಲಿ ಕಾರಣ ತಡೆಯಲಾಗದ್ದು. ಕಾಮಾಲೆಯದು ಹಾಗಲ್ಲ, ಇಲ್ಲಿ ಹಾನಿ ಬರುವ ದಿನ ಗೊತ್ತು, ಅಳೆಯುವ ಪರೀಕ್ಷೆ ಅಗ್ಗದ್ದು, ಚಿಕಿತ್ಸೆ ಒಂದು ದೀಪ. ಅದಕ್ಕೇ ಈ ಹುಡುಗನನ್ನು ಕಂಡಾಗ ಬೇರೆ ಮಕ್ಕಳನ್ನು ಕಂಡಾಗಿನದಕ್ಕಿಂತ ಹೆಚ್ಚು ಸಂಕಟವಾಗುತ್ತದೆ.

ಅವನಿಗೀಗ ಮೂರೂವರೆ ವರ್ಷ. ಬೆನ್ನಿಗೆ, ತಲೆಗೆ ಆಸರೆಯಿರುವ ಕುರ್ಚಿಯಲ್ಲಿ ಕೂರುತ್ತಾನೆ, ಮೆತ್ತಗೆ ಕಲಸಿದ ಅನ್ನ ನುಂಗುತ್ತಾನೆ. ಕೇಳಿಸಲೆಂದು ಒಳಕಿವಿಯಲ್ಲಿ ಅಳವಡಿಸುವ ಸಾಧನ, ಕಾಕ್ಲಿಯರ್ ಇಂಪ್ಲಾಂಟ್ ಆಗಿ ಒಂದು ವರ್ಷ. ತಾಯಿ ಕರೆದರೆ ನಗುತ್ತಾನೆ. ಕೆರ್ನಿಕ್ಟೆರಸ್ ಕೈಕಾಲುಗಳನ್ನು ಹಿಡಿತ ತಪ್ಪಿಸಿದರೂ ಬುದ್ಧಿಯನ್ನು ಅನೇಕ ಬಾರಿ ಬಿಟ್ಟಿರುತ್ತದೆ, ಇವನಲ್ಲಂತೂ ಬಿಟ್ಟಿದೆ. ತಟ್ಟೆ ಮತ್ತು ಲೋಟದ ಚಿತ್ರಗಳನ್ನು ಎಡಬಲಕ್ಕೆ ಇಟ್ಟರೆ ಬೇಕಾದ್ದನ್ನು ಕಣ್ಣಿನಿಂದಲೇ ಆರಿಸುತ್ತಾನೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಆಗಿದೆ, ನಿರಾಮಯ ಆರೋಗ್ಯ ವಿಮೆಗೆ ಹೆಸರು ಬರೆಸಿದ್ದಾರೆ.

ಕಳೆದ ವರ್ಷ ಆ ತಾಯಿಗೆ ಎರಡನೇ ಗಂಡುಮಗುವಾಯಿತು, ಈ ಸಲವೂ ಬಾಣಂತನ ತವರಿನಲ್ಲೇ. ಎಂಟನೇ ತಿಂಗಳಲ್ಲೇ ಎರಡೂ ಊರಿನ ಆಶಾ ಕಾರ್ಯಕರ್ತೆಯರ ಫೋನ್ ನಂಬರುಗಳನ್ನು ತಾಯಿ ಕಾರ್ಡಿನ ರಟ್ಟಿನ ಮೇಲೆ ಬರೆಸಿದ್ದರು. ಅಣ್ಣನಿಗಿದ್ದ ಕೊರತೆಯ ವಿಷಯ ತಿಳಿಸಿದ್ದರಿಂದ 24 ಗಂಟೆಗೇ ಬಿಲಿರುಬಿನ್ ಅಳೆದರು. 60ನೇ ಗಂಟೆಗೆ 16 ಮಿಲಿಗ್ರಾಂಗೆ ಏರಿದಾಗ ದೀಪದಡಿ ಮಲಗಿಸಿದರು. ಒಂದೂವರೆ ದಿನ ಬೆಳಕಿನಲ್ಲಿದ್ದು ಮಗು ಮನೆಗೆ ಹೋಯಿತು. ಇವನಿಗೂ ಅದೇ ಕೊರತೆ ಇದೆ. ಐದನೇ ದಿನ ನನಗೆ ತೋರಿಸಲು ಬಂದಾಗ, ನಾನು ಮುಟ್ಟುವ ಮೊದಲೇ ಅಜ್ಜಿ ಮಗುವನ್ನು ಕಿಟಕಿಯ ಬಳಿಗೆ ಒಯ್ದು, ಹೊಸದಾಗಿ ಒಗೆದ ಪಂಚೆ ಸರಿಸಿ, ಎದೆಯ ಮೇಲೆ ಹೆಬ್ಬೆರಳು ಒತ್ತಿ ತೆಗೆದು, ಆಮೇಲೆ ಎರಡೂ ಅಂಗಾಲನ್ನು ಬೆಳಕಿಗೆ ತಿರುಗಿಸಿ ನೋಡಿ, “ಕಾಲಿಗಿಳಿದಿಲ್ರಿ ಡಾಕ್ಟ್ರೇ, ಆದ್ರೂ ನೀವು ರಕ್ತ ತಗದು ನೋಡ್ರಿ” ಎಂದರು.